ನಾಯಿ ಕಚ್ಚಿದ ಗಾಯವನ್ನು ತೊಳೆಯುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಎಂಟು ವರ್ಷದ ಹುಡುಗನ ಮೀನಖಂಡಕ್ಕೆ ನಾಯಿ ಕಚ್ಚಿತು. ನಾನು ಹೋಗುವಷ್ಟರಲ್ಲಿ ಅವನ ಅಜ್ಜಿ ಎರಡು ಚೊಂಬು ನೀರು ಸುರಿದು, ಹಲ್ಲು ಇಳಿದಿದ್ದ ನಾಲ್ಕು ತೂತುಗಳಿಗೂ ಅರಿಶಿನ ಮೆತ್ತಿ, ಹಳೆಯ ಪಂಚೆಯ ಚೂರನ್ನು ಬಿಗಿಯಾಗಿ ಸುತ್ತಿಬಿಟ್ಟಿದ್ದರು. ಕಟ್ಟು ಬಿಚ್ಚಿದಾಗ ಅರಿಶಿನ ರಕ್ತದೊಡನೆ ಸೇರಿ ತೂತುಗಳ ಬಾಯಲ್ಲಿ ಬಿರಡೆಯಂತೆ ಕೂತಿತ್ತು. ಬೇರೆ ಮನೆಗಳಲ್ಲಿ ಇದೇ ಜಾಗದಲ್ಲಿ ಸುಣ್ಣವನ್ನು, ಕಾಫಿಪುಡಿಯನ್ನು, ಖಾರದ ಪುಡಿಯನ್ನೂ ನೋಡಿದ್ದೇನೆ. ಸೂಜಿ ಹಾಕಿಸಬೇಕೆಂಬುದು ಈಗ ಬಹುತೇಕ ಎಲ್ಲರಿಗೂ ಗೊತ್ತಿದೆ. ಅದಕ್ಕೂ ಮುಂಚೆ ಮನೆಯ ನಲ್ಲಿಯ ಕೆಳಗೆ ಆಗಬೇಕಾದ ಕೆಲಸ ಮಾತ್ರ ಕೆಡುತ್ತಲೇ ಇದೆ.

ತೊಳೆಯುವುದು ಏಕೆ ಮುಖ್ಯವೆಂದು ತಿಳಿಯಲು ರೇಬೀಸ್ ವೈರಸ್ಸಿನ ರಚನೆಯನ್ನು ಸ್ವಲ್ಪ ನೋಡಬೇಕು. ಯಾವ ವೈರಸ್ಸಿಗೂ ತನ್ನದೇ ಆದ ಬದುಕಿಲ್ಲ. ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ತಾನಾಗಿ ಹೆಚ್ಚುವುದೂ ಇಲ್ಲ. ಬೇರೊಂದು ಜೀವಿಯ ಕೋಶದೊಳಗೆ ಹೊಕ್ಕು, ಆ ಕೋಶದ ಯಂತ್ರಗಳಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ರೇಬೀಸ್ ವೈರಸ್ಸು ಬಂದೂಕಿನ ಗುಂಡಿನ ಆಕಾರದ್ದು. ಅದರ ಉದ್ದ ಸುಮಾರು 180 ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ಒಳಗೆ ಕೇವಲ 5 ಜೀನ್‌ಗಳಿರುವ ಆರ್‌ಎನ್‌ಎ ಎಳೆ, ಹೊರಗೆ ಕೊಬ್ಬಿನ ಪೊರೆ, ಪೊರೆಯ ಮೇಲೆ ಪ್ರೋಟೀನಿನ ಮುಳ್ಳುಗಳು ಇರುತ್ತವೆ. ಆ ಮುಳ್ಳುಗಳೇ ನರಕೋಶದ ಬಾಗಿಲಿಗೆ ಹೊಂದುವ ಕೀಲಿಗಳು. ಕೊಬ್ಬಿನ ಪೊರೆ ಕರಗಿದರೆ ಕೀಲಿಗಳು ಉದುರಿ, ವೈರಸ್ಸು ಯಾವ ಕೋಶವನ್ನೂ ಹೊಗಲಾರದೆ ನಿಷ್ಕ್ರಿಯವಾಗುತ್ತದೆ. ಕೊಬ್ಬನ್ನು ಕರಗಿಸುವ ಅತಿ ಅಗ್ಗದ ವಸ್ತು ಸೋಪು.

ನಾಯಿಯ ಜೊಲ್ಲಿನಲ್ಲಿ ಬಂದ ವೈರಸ್ಸು ಮೊದಲಿಗೆ ಗಾಯದ ಮಾಂಸದಲ್ಲೇ ಇರುತ್ತದೆ. ಅಲ್ಲಿಂದ ನರದ ತುದಿಯನ್ನು ಹೊಕ್ಕು, ನರತಂತುವಿನ ಒಳಗೇ ಮೆದುಳಿನತ್ತ ಸಾಗುತ್ತದೆ. ರಕ್ತದಲ್ಲಿದ್ದು ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳ ಕೈ ನರದ ಒಳಗೆ ಸುಲಭವಾಗಿ ಎಟುಕುವುದಿಲ್ಲ. ಮೆದುಳಿನಲ್ಲಿ ಹೆಚ್ಚಿದ ವೈರಸ್ಸು ನರಗಳ ಮೂಲಕವೇ ಜೊಲ್ಲುಗ್ರಂಥಿಗಳಿಗೆ ಇಳಿಯುತ್ತದೆ. ಗಂಟಲಿನ ಸ್ನಾಯುಗಳು ಸೆಟೆದುಕೊಂಡು ರೋಗಿ ನೀರನ್ನು ಕಂಡರೇ ಬೆದರುತ್ತಾನೆ. ಈ ಲಕ್ಷಣಗಳು ಕಾಣಿಸಿದ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಕಾಲವಿರುತ್ತದೆ. ನಮ್ಮ ಎಲ್ಲ ಪ್ರಯತ್ನವೂ ಆ ಅವಧಿಯಲ್ಲೇ, ಅದರಲ್ಲೂ ಮೊದಲ ಗಂಟೆಯಲ್ಲೇ, ನಡೆಯಬೇಕು.

ಮೊದಲ ಹಂತ: ಕಚ್ಚಿಸಿಕೊಂಡವರನ್ನು ಹರಿಯುವ ನೀರಿನ ಬಳಿ ಕೂರಿಸಿ.

ಎರಡನೆಯ ಹಂತ: ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ ಸೋಪು ಹಚ್ಚಿ ತೊಳೆಯಿರಿ. ಎಲ್ಲರೂ ಎಡವುವುದು ಇಲ್ಲಿಯೇ. ಮಗು ಅಳತೊಡಗಿದಾಗ ಎರಡು ನಿಮಿಷವೂ ಹದಿನೈದರಂತೆ ಕಾಣುತ್ತದೆ. ಆದುದರಿಂದ ಅಂದಾಜನ್ನು ನಂಬಬೇಡಿ, ಮೊಬೈಲಿನಲ್ಲಿ ಅಲಾರಂ ಇಡಿ. ಬಕೆಟ್ಟಿನಲ್ಲಿ ಕಾಲು ಅದ್ದಿ ಕೂರಿಸಿದರೆ ಸಾಲದು, ಹರಿಯುವ ನೀರು ಜೊಲ್ಲನ್ನು ಹೊರಗೆ ಕೊಚ್ಚಿಕೊಂಡು ಹೋಗಬೇಕು. ನಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಎತ್ತರದಿಂದ ಚೊಂಬಿನಲ್ಲಿ ಎಡೆಬಿಡದೆ ಸುರಿಯುತ್ತಿರಲಿ. ಸೋಪಿನ ನೊರೆ ಚರ್ಮದ ಮೇಲೆ ನಿಂತರೆ ಪ್ರಯೋಜನವಿಲ್ಲ. ಪ್ರತಿಯೊಂದು ಹಲ್ಲಿನ ತೂತಿನ ಅಂಚನ್ನು ಎರಡು ಬೆರಳುಗಳಿಂದ ಮೆಲ್ಲಗೆ ಅಗಲಿಸಿ, ನೊರೆ ಒಳಗೆ ಇಳಿಯುವಂತೆ ಮಾಡಿ, ಮೇಲೆ ನೀರು ಬಿಟ್ಟು, ಮತ್ತೆ ನೊರೆ ಹಚ್ಚಬೇಕು. ಬ್ರಷ್ಷಿನಿಂದ ಉಜ್ಜಬಾರದು, ಏಕೆಂದರೆ ಮಾಂಸ ಹರಿದಷ್ಟೂ ನರದ ತುದಿಗಳು ತೆರೆದುಕೊಳ್ಳುತ್ತವೆ. ತೊಳೆಯುವವರ ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಲಿ. ಕಣ್ಣಿಗೆ ಅಥವಾ ಬಾಯಿಗೆ ಜೊಲ್ಲು ತಾಗಿದ್ದರೆ ಸೋಪು ಬೇಡ, ಬರೀ ನೀರಿನಿಂದಲೇ ಚೆನ್ನಾಗಿ ತೊಳೆಯಿರಿ.

ಸೋಪು ಯಾವುದೆಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಬಚ್ಚಲಿನಲ್ಲಿ ಕೈಗೆ ಮೊದಲು ಸಿಕ್ಕಿದ್ದು. ಬಟ್ಟೆ ಒಗೆಯುವ ಸೋಪಾದರೂ ಆಗುತ್ತದೆ. ಔಷಧಿಯುಕ್ತ ಸೋಪು ತರಲು ಅಂಗಡಿಗೆ ಓಡಿ ಕಾಲು ಗಂಟೆ ಕಳೆಯಬೇಡಿ. ಸ್ಯಾನಿಟೈಸರ್ ಮೇಲೆ ಸವರಿ ಮುಗಿಸುವ ಅಡ್ಡದಾರಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ, ಅದು ಆಳದಲ್ಲಿರುವ ಜೊಲ್ಲನ್ನು ಹೊರಗೆ ತರುವುದಿಲ್ಲ. ಆಂಟಿಬಯಾಟಿಕ್ ಮುಲಾಮು ಬ್ಯಾಕ್ಟೀರಿಯಾಗಳ ಕೋಶವನ್ನು ಹೊಡೆಯುವಂಥದ್ದು; ಕೋಶವೇ ಇಲ್ಲದ ವೈರಸ್ಸಿಗೆ ಅದು ತಾಗುವುದೇ ಇಲ್ಲ.

ಮೂರನೆಯ ಹಂತ: ಪೊವಿಡೋನ್ ಅಯೋಡಿನ್ ಎಂಬ ರೋಗಾಣುನಾಶಕ ಇದ್ದರೆ ಹಚ್ಚಿ, ಗಾಯವನ್ನು ಕಟ್ಟದೆ ಬಿಡಿ.

ನಾಲ್ಕನೆಯ ಹಂತ: ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಹೊಕ್ಕುಳ ಸುತ್ತ 14 ಸೂಜಿ ಹಾಕುತ್ತಾರೆಂಬ ಭಯದಿಂದ ಹಿಂಜರಿಯುವವರು ಇನ್ನೂ ಇದ್ದಾರೆ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯ ಬಳಕೆ ನಮ್ಮಲ್ಲಿ 2005ರ ಸುಮಾರಿಗೇ ನಿಂತುಹೋಗಿದೆ. ಈಗ ತೋಳಿಗೆ ಚುಚ್ಚುತ್ತಾರೆ, ಎಳೆಯ ಮಕ್ಕಳಿಗಾದರೆ ತೊಡೆಗೆ. ಚರ್ಮದ ಪದರದಲ್ಲಿ ಕೊಡುವುದಾದರೆ 0 (ಎಂದರೆ ಮೊದಲ ಸೂಜಿಯ ದಿನ), 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. ಗರ್ಭಿಣಿಯರೂ ಹಾಕಿಸಿಕೊಳ್ಳಬೇಕು.

ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ದೇಹ ಪ್ರತಿಕಾಯಗಳನ್ನು ತಯಾರಿಸಲು ಒಂದೆರಡು ವಾರ ಬೇಕು, ವೈರಸ್ಸು ಅಷ್ಟು ದಿನ ಕಾಯುವುದಿಲ್ಲ. ಆ ನಡುವಿನ ಕಾಲಕ್ಕಾಗಿ ಸಿದ್ಧ ಪ್ರತಿಕಾಯಗಳನ್ನು, ಎಂದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನು, ಗಾಯದ ಒಳಗೂ ಸುತ್ತಲೂ ತುಂಬುತ್ತಾರೆ. ನೋವಾಗುತ್ತದೆಯೆಂದು ಬಿಡಿಸಿಕೊಂಡು ಬರಬೇಡಿ. ಮೊದಲ ಸೂಜಿಯ ದಿನವೇ ಇದನ್ನು ಕೇಳಿ ಹಾಕಿಸಿಕೊಳ್ಳಿ, ಆ ಸೂಜಿಯಿಂದ ಏಳು ದಿನ ದಾಟಿದ ಮೇಲೆ ಕೊಡುವುದಿಲ್ಲ. ಗಾಯಕ್ಕೆ ತಕ್ಷಣ ಹೊಲಿಗೆ ಹಾಕಿಸಲು ಒತ್ತಾಯಿಸಬೇಡಿ; ಹಾಕಲೇಬೇಕಾದಾಗ ಈ ಔಷಧ ತುಂಬಿದ ಮೇಲಷ್ಟೇ ಹಾಕುತ್ತಾರೆ.

ಕೊನೆಯ ಹಂತ: ನಾಯಿಯನ್ನು 10 ದಿನ ಗಮನಿಸಿ. ಜೊಲ್ಲಿನಲ್ಲಿ ವೈರಸ್ಸು ಬರುವುದು ನಾಯಿ ಕಾಯಿಲೆ ಬೀಳುವ ಕೆಲವೇ ದಿನ ಮುಂಚೆ. ಆದುದರಿಂದ 10 ದಿನದ ನಂತರವೂ ಅದು ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ಸು ಇರಲಿಲ್ಲವೆಂದು ಅರ್ಥ, ಉಳಿದ ಸೂಜಿಗಳ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ. ನಾಯಿ ಏನಾಗುತ್ತದೆಂದು ನೋಡಿ ಆಮೇಲೆ ಮೊದಲ ಸೂಜಿ ಹಾಕಿಸೋಣ ಎಂದು ಕಾಯುವುದು ಮಾತ್ರ ಕೂಡದು. ಇನ್ನು, ಕಚ್ಚಿ ವಾರಗಳೇ ಕಳೆದಿದ್ದು ಏನೂ ಮಾಡಿಲ್ಲವೆಂದರೆ, ಗಾಯ ಒಣಗಿದ್ದರೂ ಇಂದೇ ಆಸ್ಪತ್ರೆಗೆ ಹೋಗಿ ದಿನಾಂಕ ಹೇಳಿ. ಆಗಲೂ ಲಸಿಕೆ ಆರಂಭಿಸುತ್ತಾರೆ.