ಉದ್ದ ಕೂದಲು ಕತ್ತರಿಸದೆ ಕಪ್ಪು ಡೈ ಇಳಿಸಿದ ಬಗೆ

ಸೊಂಟದವರೆಗಿನ ಕೂದಲಿಗೆ ವರ್ಷಗಟ್ಟಲೆ ಕಪ್ಪು ಡೈ ಹಚ್ಚಿದ ಮೇಲೆ ಅದನ್ನು ಬಿಡುತ್ತೇನೆ ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ. ಧಾರವಾಡದ ಪಾರ್ಲರ್‌ನಲ್ಲಿ ನನಗೂ ಅದೇ ಸಿಕ್ಕಿತು. "ಭುಜದ ತನಕ ತೆಗಸಿಬಿಡ್ರಿ ಅಕ್ಕಾರ, ಆರಾಮ ಆಗ್ತದ." ಕತ್ತರಿಸಲು ಮನಸ್ಸಿಲ್ಲ ಅಂದರೆ ಬ್ಲೀಚ್ ಮಾಡೋಣ ಅಂದರು. ನನಗೆ ಎರಡೂ ಬೇಡವಾಗಿತ್ತು. ಬುಡದಲ್ಲಿ ಬರುವ ಬಿಳಿ ಕೂದಲು ಬರಲಿ, ಅದಕ್ಕೆ ಬೇಸರವಿಲ್ಲ. ಆದರೆ ಕೆಳಗಿನ ಗಟ್ಟಿ ಕಪ್ಪು ಹೋಗಬೇಕು, ಹೆರಳು ಮಾತ್ರ ಉಳಿಯಬೇಕು. ನಿಧಾನವಾಗಿ ಮಾಡಿದರೆ ಇದು ಸಾಧ್ಯ. ನಾನು ಮಾಡಿದ್ದನ್ನು ಬರೆಯುತ್ತೇನೆ.

ಮೊದಲು ಕೂದಲಿನ ವಯಸ್ಸು ಲೆಕ್ಕ ಹಾಕಿ. ಕೂದಲು ವರ್ಷಕ್ಕೆ ಹೆಚ್ಚುಕಡಿಮೆ 12ರಿಂದ 15 ಸೆಂ.ಮೀ. ಬೆಳೆಯುತ್ತದೆ. ಅಂದರೆ 75 ಸೆಂ.ಮೀ. ಉದ್ದದ ಕೂದಲಿನ ತುದಿಗೆ ಐದಾರು ವರ್ಷ ವಯಸ್ಸು. ಅದಕ್ಕೂ ಹಿಂದೆ ಏನು ಹಚ್ಚಿದ್ದಿರಿ ಅನ್ನುವುದು ಈಗ ಲೆಕ್ಕಕ್ಕಿಲ್ಲ, ಆ ಕೂದಲು ಯಾವಾಗಲೋ ಕತ್ತರಿಗೆ ಹೋಗಿದೆ. ಆದರೆ ಈ ಐದಾರು ವರ್ಷದಲ್ಲಿ ಏನೇನು ಹಚ್ಚಿದ್ದೀರಿ ಅನ್ನುವುದು ಚೆನ್ನಾಗಿ ನೆನಪಿರಬೇಕು. ಪ್ರತಿ ಸಲ ತುದಿಯವರೆಗೂ ಡೈ ಎಳೆದಿದ್ದರೆ ಅಲ್ಲಿ ಪದರದ ಮೇಲೆ ಪದರ ಕೂತಿರುತ್ತದೆ. ತುದಿಯೇ ಎಲ್ಲಕ್ಕಿಂತ ಕಪ್ಪು, ತುದಿಯೇ ಎಲ್ಲಕ್ಕಿಂತ ಹಳೆಯದು, ಸೋತದ್ದೂ ಅದೇ. ಉದ್ದ ಕೂದಲಿನ ಕಷ್ಟವೆಲ್ಲ ಇಲ್ಲೇ ಇದೆ.

ಬ್ಲೀಚ್ ಬೇಡ ಅಂದದ್ದು ಇದಕ್ಕೇ. ಬ್ಲೀಚ್ ಪುಡಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಕಲಸುತ್ತಾರೆ. ಪಾರ್ಲರ್‌ನವರು 20 ವಾಲ್ಯೂಮ್ ಅನ್ನುವುದು 6 ಪರ್ಸೆಂಟ್ ಪೆರಾಕ್ಸೈಡ್, 40 ವಾಲ್ಯೂಮ್ ಅಂದರೆ 12 ಪರ್ಸೆಂಟ್. ಅದು ಡೈಯನ್ನೂ ಸುಡುತ್ತದೆ, ನಮ್ಮ ಸ್ವಂತ ಬಣ್ಣವನ್ನೂ ಸುಡುತ್ತದೆ, ಕೂದಲನ್ನು ಗಟ್ಟಿಯಾಗಿ ಹಿಡಿದಿರುವ ಗಂಧಕದ ಬೆಸುಗೆಗಳನ್ನೂ ಮುರಿಯುತ್ತದೆ. ಹೊಸ ಕೂದಲು ಹೇಗೋ ತಡೆದೀತು. ಐದು ವರ್ಷದ ತುದಿ ತಡೆಯುವುದಿಲ್ಲ.

ನಾನು ಬಳಸಿದ್ದು ಕಲರ್ ರಿಮೂವರ್. ಹುಬ್ಬಳ್ಳಿಯ ದುರ್ಗದಬೈಲ್ ಮಾರ್ಕೆಟ್ಟಿನಲ್ಲಿ ಕೇಳಿದರೆ ಬ್ಲೀಚ್ ಪುಡಿಯನ್ನೇ ತೋರಿಸಿದರು, ಹಾಗಾಗಿ ಆನ್‌ಲೈನ್‌ನಲ್ಲಿ ತರಿಸಿದೆ. ಇದು ಕೆಲಸ ಮಾಡುವ ರೀತಿಯೇ ಬೇರೆ. ಪರ್ಮನೆಂಟ್ ಡೈಯಲ್ಲಿರುವ ಸಣ್ಣ ಕಣಗಳು ಕೂದಲಿನ ಒಳಗೆ ಹೋಗಿ, ಅಲ್ಲಿ ಪೆರಾಕ್ಸೈಡ್ ಜೊತೆ ಸೇರಿ, ದೊಡ್ಡ ಬಣ್ಣದ ಕಣಗಳಾಗಿ ಸಿಕ್ಕಿಕೊಳ್ಳುತ್ತವೆ. ಎಷ್ಟು ತೊಳೆದರೂ ಹೊರಗೆ ಬರುವುದಿಲ್ಲ. ರಿಮೂವರ್ ಆ ಕ್ರಿಯೆಯನ್ನು ಹಿಂದಕ್ಕೆ ತಿರುಗಿಸುತ್ತದೆ. ಡೈ ಬಣ್ಣ ಕಳೆದುಕೊಳ್ಳುತ್ತದೆ, ತೊಳೆದರೆ ಹೊರಗೆ ಬರುವಂತಾಗುತ್ತದೆ. ನಮ್ಮ ಸ್ವಂತ ಬಣ್ಣವನ್ನು ಅದು ಮುಟ್ಟುವುದಿಲ್ಲ.

ನಮ್ಮ ವೈನಿ, ಅಂದರೆ ಅತ್ತಿಗೆ, ಬೆಟಗೇರಿಯ ನೇಕಾರರ ಮನೆಯವರು. ಪೊಟ್ಟಣ ಒಡೆದ ಕೂಡಲೇ ಮೂಗು ಮುಚ್ಚಿಕೊಂಡು, "ಇದು ಹೈಡ್ರೋಸ್ ವಾಸನಿ ಅಲ್ಲೇನ?" ಅಂದರು. ಸರಿಯಾಗಿಯೇ ಹಿಡಿದಿದ್ದರು. ನೂಲಿಗೆ ಬಣ್ಣ ಹಾಕುವವರು, ಹಾಕಿದ ಬಣ್ಣ ಕೆಟ್ಟರೆ ತೆಗೆಯುವವರು ಬಳಸುವ ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಕೂದಲಿನ ಎಷ್ಟೋ ರಿಮೂವರ್‌ಗಳಲ್ಲಿ ಇರುವುದು ಅದೇ ಅಥವಾ ಅದರ ಬಳಗದ್ದು. ಹಾಗಂತ ಬಣ್ಣದ ಅಂಗಡಿಯ ಹೈಡ್ರೋಸ್ ತಂದು ತಲೆಗೆ ಹಚ್ಚಬೇಡಿ, ದಯವಿಟ್ಟು. ನೂಲಿಗೆ ಅದನ್ನು ಕಾಸ್ಟಿಕ್ ಸೋಡಾ ಜೊತೆ ಹಾಕುತ್ತಾರೆ. ಕೂದಲು ಕರಗುತ್ತದೆ, ಚರ್ಮ ಸುಡುತ್ತದೆ.

ಇಡೀ ತಲೆಗೆ ಹಚ್ಚುವ ಮೊದಲು ಹಣಿಗೆಯಲ್ಲಿ ಬಂದ ಕೂದಲನ್ನು ಕೂಡಿಸಿಟ್ಟು, ಒಂದು ಸಣ್ಣ ಕಟ್ಟು ಮಾಡಿ ಪರೀಕ್ಷೆ ಮಾಡಿದೆ. ಎಷ್ಟು ಬಣ್ಣ ಇಳಿಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಒದ್ದೆ ಎಳೆಯನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದು ನೋಡಬೇಕು. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಕೂದಲಿಗೆ ಶಕ್ತಿ ಇದೆ. ಹಿಗ್ಗಿ ಹಾಗೇ ಉಳಿದರೆ ಅಥವಾ ಪಟ್ಟನೆ ಹರಿದರೆ ಕೆಲಸ ಮುಂದೂಡಿ, ಕೆಲವು ತಿಂಗಳು ಆರೈಕೆ ಮಾಡಿ. ಚರ್ಮದ ಪರೀಕ್ಷೆಯೂ ಬೇಕು. ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಬೇಕು.

ಇನ್ನು ನೀರು. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಬಣ್ಣ ಕಳೆದುಕೊಂಡ ಕಣಗಳು ಇನ್ನೂ ಕೂದಲಿನ ಒಳಗೇ ಇರುತ್ತವೆ. ಅವು ಹೊರಗೆ ಹರಿದುಹೋಗದಿದ್ದರೆ ಗಾಳಿ ತಾಗಿ ಮತ್ತೆ ಕಪ್ಪಾಗುತ್ತವೆ. ಸಂಜೆ ಕಂದು ಇದ್ದದ್ದು ಒಂದೆರಡು ದಿನದಲ್ಲಿ ಮತ್ತೆ ಕಪ್ಪು ಅಂತ ಎಷ್ಟೋ ಜನ ಅಳುವುದು ಇದಕ್ಕೇ. ಭುಜದವರೆಗಿನ ಕೂದಲಿಗೇ ಇಪ್ಪತ್ತು ನಿಮಿಷ ಹರಿಯುವ ನೀರು ಬೇಕು. ಉದ್ದ ಕೂದಲಿಗೆ ಅದಕ್ಕೂ ಜಾಸ್ತಿ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಹಾಗಾಗಿ ನೀರು ಬಿಡುವ ದಿನವನ್ನೇ ಗೊತ್ತು ಮಾಡಿಕೊಂಡೆ. ಹಂಡೆಯಲ್ಲಿ ಬಿಸಿ ನೀರು, ಟ್ಯಾಂಕ್ ತುಂಬಾ ಮಲಪ್ರಭಾ ನೀರು. ಬೋರ್‌ವೆಲ್ ನೀರು ಬೇಡ. ಗಡಸು ನೀರಿನ ಸುಣ್ಣದ ಅಂಶ ಕೂದಲಿಗೆ ಅಂಟಿ ಒರಟಾಗುತ್ತದೆ. ಹಿಂದಿನ ದಿನವೇ ಇಡಿಟಿಎ ಇರುವ ಶಾಂಪೂ ಹಾಕಿ ಆ ಅಂಟನ್ನು ತೆಗೆದಿದ್ದೆ. ಅವತ್ತಿನಿಂದ ರಿಮೂವರ್ ಹಚ್ಚುವ ತನಕ ಎಣ್ಣೆ ಹಚ್ಚಲಿಲ್ಲ, ಎಣ್ಣೆ ಇದ್ದರೆ ರಿಮೂವರ್ ಒಳಗೆ ಇಳಿಯುವುದಿಲ್ಲ.

ಹಚ್ಚುವಾಗ ವೈನಿ ಜೊತೆಗಿದ್ದರು. ಒಬ್ಬರೇ ಮಾಡಲು ಆಗುವುದಿಲ್ಲ, ಹಿಂದಿನ ಕೂದಲು ಕೈಗೆ ಸಿಗುವುದಿಲ್ಲ. ಒಂದು ಪೊಟ್ಟಣ ಉದ್ದ ಕೂದಲಿಗೆ ಸಾಲುವುದೂ ಇಲ್ಲ. ಕಲಸಿದ ಮೇಲೆ ಅದರ ಶಕ್ತಿ ಬೇಗ ಇಳಿಯುತ್ತದೆ, ಅದಕ್ಕೆ ಒಂದೊಂದೇ ಪೊಟ್ಟಣ ಕಲಸಿ, ಕೂದಲನ್ನು ಭಾಗ ಮಾಡಿ ಹಚ್ಚಿದೆವು. ಕಪ್ಪು ಜಾಸ್ತಿ ಇರುವ ತುದಿಯಿಂದ ಶುರು ಮಾಡಿ ಮೇಲಕ್ಕೆ ಬಂದೆವು. ಡೈ ಇಲ್ಲದ ಬುಡವನ್ನು ಬಿಟ್ಟೆವು. ಪ್ಲಾಸ್ಟಿಕ್ ಟೋಪಿ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಇಟ್ಟೆವು. ಕಿಟಕಿ ತೆಗೆದಿಡಿ, ಕೊಳೆತ ಮೊಟ್ಟೆಯ ವಾಸನೆ ಮನೆಯೆಲ್ಲ ಹಬ್ಬುತ್ತದೆ. ತೊಳೆಯುವಾಗ ಕೂದಲನ್ನು ತಿಕ್ಕಬಾರದು, ಗಂಟು ಕಟ್ಟಬಾರದು. ನೀರು ಕೆಳಮುಖವಾಗಿ ಹರಿಯುತ್ತಲೇ ಇರಬೇಕು.

ಬಂದ ಬಣ್ಣ ನೋಡಿ ಗಾಬರಿಯಾಗಬೇಡಿ. ತಾಮ್ರದಂಥ ಕೆಂಪು ಬರುತ್ತದೆ. ಡೈಯಲ್ಲಿದ್ದ ಪೆರಾಕ್ಸೈಡ್ ಇಷ್ಟು ವರ್ಷ ನಮ್ಮ ಸ್ವಂತ ಬಣ್ಣವನ್ನೂ ಸ್ವಲ್ಪ ಸ್ವಲ್ಪ ತಿಂದಿರುತ್ತದೆ. ಮೊದಲಿನ ಕಪ್ಪು ಯಾವ ರಿಮೂವರ್‌ನಿಂದಲೂ ವಾಪಸ್ ಬರುವುದಿಲ್ಲ. ಡೈ ಕೆಳಗಿದ್ದ ಬಿಳಿ ಕೂದಲು ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ನನಗೆ ಇದು ಅನುಕೂಲವೇ ಆಯಿತು. ಕಂದು ಮತ್ತು ತಿಳಿಹಳದಿ ಎಳೆಗಳು ಬೆರೆತಿರುವುದರಿಂದ ಬುಡದ ಬಿಳಿಗೂ ಕೆಳಗಿನ ಬಣ್ಣಕ್ಕೂ ನಡುವೆ ಗೆರೆ ಎಳೆದಂತೆ ಕಾಣುವುದಿಲ್ಲ. ನನ್ನ ಗುರಿ ಅಷ್ಟೇ ಇತ್ತು. ಕೆಂಪು ಕಣ್ಣಿಗೆ ಹೊಡೆಯುತ್ತದೆ ಅಂತ ಕೂಡಲೇ ಮತ್ತೊಂದು ಪರ್ಮನೆಂಟ್ ಡೈ ಹಚ್ಚಿದರೆ ಒಳಗೆ ಉಳಿದ ಕಣಗಳೂ ಸೇರಿ ಕಡುಗಪ್ಪಾಗುತ್ತದೆ, ಪಟ್ಟ ಕಷ್ಟವೆಲ್ಲ ನೀರುಪಾಲು.

ತುದಿಯ ಕಪ್ಪು ಒಂದೇ ಸಲಕ್ಕೆ ಹೋಗಲಿಲ್ಲ. ಕೆಲವು ವಾರ ಬಿಟ್ಟು ಅಲ್ಲಿಗಷ್ಟೇ ಮತ್ತೆ ಹಚ್ಚಿದೆ. ನಡುವೆ ತಲೆ ಎರೆದುಕೊಳ್ಳುವ ಮೊದಲು ಪ್ರತಿ ಸಲ ಕೊಬ್ಬರಿ ಎಣ್ಣೆ. ಇದು ಸುಮ್ನೆ ಅಜ್ಜಿ ಕಾಲದ ಮಾತಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗಳ ಜೊತೆ ಹೋಲಿಸಿ ಇದನ್ನು ತೋರಿಸಿದೆ. ಆಮೇಲೆ ಕಂಡೀಷನರ್ ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸುವುದು. ಹಳೆ ಕಾಟನ್ ಸೀರೆಯಲ್ಲಿ ಒತ್ತಿ ಒರೆಸುವುದು. ಒದ್ದೆ ಕೂದಲಿಗೆ ಹೆರಳು ಹಾಕದೆ ಇರುವುದು. ಎರಡು ಮೂರು ತಿಂಗಳಿಗೊಮ್ಮೆ ತುದಿಯನ್ನು ಒಂದೆರಡು ಸೆಂ.ಮೀ. ಮಾತ್ರ ಕತ್ತರಿಸುತ್ತೇನೆ. ಬೆಳೆಯುವುದು ಅದಕ್ಕಿಂತ ಜಾಸ್ತಿ, ಹಾಗಾಗಿ ಉದ್ದ ಕಡಿಮೆಯಾಗುವುದಿಲ್ಲ.

ಅಡುಗೆ ಸೋಡಾ, ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಅಂತ ಹೇಳುವವರು ಬಹಳ. ಸೋಡಾ, ಸೋಪಿನ ಕ್ಷಾರಕ್ಕೆ ಕೂದಲಿನ ಮೇಲಿನ ಹೊದಿಕೆ ಎದ್ದು ನಿಲ್ಲುತ್ತದೆ, ಉದ್ದ ಕೂದಲು ಜಟೆಯಾಗುತ್ತದೆ. ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಶಾಂಪೂ ಜೊತೆ ಹಚ್ಚುವುದರಿಂದ ಮೊನ್ನೆ ಮೊನ್ನೆ ಹಚ್ಚಿದ ಬಣ್ಣ ಸ್ವಲ್ಪ ಇಳಿಯಬಹುದು. ವರ್ಷಗಳ ಡೈಗೆ ಅದು ಸಾಲದು.

ಮೆಹಂದಿ ಮತ್ತು ನೀಲಿ ಎಲೆ ಪುಡಿ, ಅಂದರೆ ಇಂಡಿಗೋ, ಹಚ್ಚಿದವರಿಗೆ ಈ ದಾರಿ ಅಲ್ಲ. ಮೆಹಂದಿ ರಿಮೂವರ್‌ಗೆ ಜಗ್ಗುವುದಿಲ್ಲ. ಇಂಡಿಗೋ ಬಣ್ಣ ಕಳೆದುಕೊಂಡಂತೆ ಕಂಡರೂ ಗಾಳಿ ತಾಗಿದರೆ ಮತ್ತೆ ನೀಲಿ. ಅದರ ಮೇಲೆ ಬ್ಲೀಚ್ ಮಾಡಿದರೆ ಹಸಿರಾಗುವುದೂ ಉಂಟು. ಕಪ್ಪು ಮೆಹಂದಿ ಅಂತ ಮಾರುವ ಪುಡಿಗಳಲ್ಲಿ ಎಷ್ಟೋ ಸಲ ಡೈಯದೇ ರಾಸಾಯನಿಕ, ಪಿಪಿಡಿ, ಇರುತ್ತದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ. ಪಾರ್ಲರ್‌ಗೆ ಹೋಗುವುದಾದರೂ ಆ ಖಾಲಿ ಪೊಟ್ಟಣವನ್ನು ಜೊತೆಗೆ ಒಯ್ದು ತೋರಿಸಿ.