ಕೆಜಿಎಫ್ ಸುತ್ತ ಅಣುತ್ಯಾಜ್ಯದ ಅಂಜಿಕೆ: ಟೊಮೆಟೊ ಚೀಟಿಯಲ್ಲಿ ಅಳೆದ ಬಗೆ

ಟೊಮೆಟೊ ಚೀಟಿ, ಅಂದರೆ ಮಂಡಿಯಲ್ಲಿ ಮಾಲು ಮಾರಿದ ದರದ ಚೀಟಿ ಹಿಡಿದು ಅಣುತ್ಯಾಜ್ಯದ ಪರಿಣಾಮ ಅಳೆಯುತ್ತೀರಾ ಅಂತ ನಕ್ಕವರೇ ಜಾಸ್ತಿ. ಅಳೆಯಬಹುದು. 2012ರ ನವೆಂಬರಿನಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ನಡುವೆ, ಅದರ ತ್ಯಾಜ್ಯ ಇಡುವ ಜಾಗವೆಂದು ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಹೆಸರು ಬಂತು, ಪ್ರತಿಭಟನೆ ಎದ್ದಿತು, ಅಂಥ ಯೋಜನೆಯೇ ಇಲ್ಲವೆಂದು ಕೇಂದ್ರ ಹೇಳಿತು. ತ್ಯಾಜ್ಯ ಬಾರದೆಯೂ ಊರಿಗೆ ಹೆಸರು ಅಂಟಬಹುದು. ಅಳೆಯಬೇಕಾದ್ದು ಅದನ್ನು.

ಮೊದಲ ಸುತ್ತು ಪೂರಾ ದಂಡ. ಪ್ರಶ್ನಾವಳಿಯ ನೆತ್ತಿಯ ಮೇಲೇ ‘ಅಣುತ್ಯಾಜ್ಯ’ ಎಂದು ಅಚ್ಚಾಗಿತ್ತು; ಕೆಳಗಿನ 40 ಪ್ರಶ್ನೆಗೂ ಒಂದೇ ಉತ್ತರ, ‘ಬೇಡ’. ಕನ್ನಡದಲ್ಲಷ್ಟೇ ಅಚ್ಚು ಹಾಕಿಸಿದ್ದು ಇನ್ನೊಂದು ತಪ್ಪು. ಗಣಿ ಕಾಲೊನಿಗಳಲ್ಲಿ ತಮಿಳು, ಸುತ್ತಲ ಹಳ್ಳಿಗಳಲ್ಲಿ ತೆಲುಗು ಬೇಕೇ ಬೇಕು. ಸುಮಾರು 300 ನಮೂನೆ, ಓಡಾಟ ಸೇರಿ 60 ಸಾವಿರ ರೂಪಾಯಿಯ ಹತ್ತಿರ ಹೋಯಿತು. 2001ರಲ್ಲಿ ಗಣಿ ಮುಚ್ಚಿದ ನೋವು, ಸೈನೈಡ್ ದಿಬ್ಬದ (ಚಿನ್ನ ತೆಗೆದು ಸುರಿದ ಗಣಿಮಣ್ಣಿನ ರಾಶಿಯ) ದೂಳು ಇವನ್ನು ಮೊದಲೇ ಬೇರೆ ಹಾಳೆಯಲ್ಲಿ ಬರೆದುಕೊಳ್ಳದಿದ್ದರೆ ಆ ಸಿಟ್ಟೆಲ್ಲ ಅಣುತ್ಯಾಜ್ಯದ ಲೆಕ್ಕಕ್ಕೇ ಜಮೆಯಾಗುತ್ತದೆ.

ಜಮೀನಿನ ಬೆಲೆಯೂ ಕೈಕೊಟ್ಟಿತು. ಕ್ರಯಪತ್ರದಲ್ಲಿ ಕಾಣುವುದು ಹೆಚ್ಚಾಗಿ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ, ನಿಜವಾಗಿ ಕೈಬದಲಾದ ಹಣವಲ್ಲ. ಬೆಲೆ ಬಿಟ್ಟು ಎಣಿಕೆ ಹಿಡಿದೆ: ತಿಂಗಳಿಗೆ ಎಷ್ಟು ಕ್ರಯ, ಎಷ್ಟು ಅಗ್ರಿಮೆಂಟ್ ಮುರಿಯಿತು, ಮುಂಗಡ ವಾಪಸಾಯಿತೇ. ಎರಡನೆಯದಕ್ಕೂ ಮೂರನೆಯದಕ್ಕೂ ದಲ್ಲಾಳಿಗಳೇ ಗತಿ.

ಗಟ್ಟಿ ಅಳತೆ ಸಿಕ್ಕಿದ್ದು ಕೋಲಾರದ ಟೊಮೆಟೊ ಮಂಡಿಯಲ್ಲಿ. ಅಲ್ಲಿ 15 ಕೆಜಿ ಬಾಕ್ಸಿನ ಲೆಕ್ಕ. ಗಣಿಗೆ ಎಂಟ್ಹತ್ತು ಕಿ.ಮೀ. ಒಳಗಿನ ಹಳ್ಳಿಯ ಒಂದು ಚೀಟಿ, 35 ಕಿ.ಮೀ. ಆಚೆಯದೊಂದು, ಅದೇ ದಿನ, ಅದೇ ಮಂಡಿ, ಅದೇ ತಳಿ, ಅದೇ ಸೈಜು. ಎರಡರ ದರವೂ ಒಟ್ಟಿಗೆ ಇಳಿದರೆ ಆವಕದ ಆಟ. ಹತ್ತಿರದ್ದು ಮಾತ್ರ ವಾರಗಟ್ಟಲೆ ಇಳಿದೇ ಇದ್ದರೆ ಹೆಸರಿನ ಏಟು. ಮಳೆಗೆ ಬಿರುಕು ಬಿಟ್ಟ ಮಾಲನ್ನು ತೆಗೆದುಹಾಕಿ. ನಾನು ತೆಗೆಯದೆ ಒಂದು ಹಂಗಾಮು ಕಳೆದುಕೊಂಡೆ. ಹಂಗಾಮಿಗೆ ಇಂಥ 60–70 ಜೋಡಿ ಚೀಟಿಗಿಂತ ಕಡಿಮೆಯಾದರೆ ಏನೂ ಹೇಳಲಾಗದು. ಮಂಡಿಯವರು ಹಳೆಯ ಚೀಟಿ ಕೊಡುವಂತೆ ಮಾಡಿದ್ದು ಹೇಗೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ.

ಡೇರಿಯ ಬಟವಾಡೆ ಪುಸ್ತಕವನ್ನೂ ತಿರುವಿದೆ, ದಂಡ. ಹಾಲಿಗೆ ದರ ಕಟ್ಟುವುದು ಕೊಬ್ಬಿನಂಶ, ಕೊಬ್ಬೇತರ ಘನಾಂಶ ನೋಡಿ. ಊರ ಹೆಸರು ಅಲ್ಲಿ ಲೆಕ್ಕಕ್ಕೇ ಇಲ್ಲ. ಹೆಸರಿನ ಏಟು ತಿಳಿಯಲು ಇನ್ನೊಂದು ದಾರಿ ಮದುವೆಯ ಮಾತು. ‘ಆ ಊರಿಗೆ ಹೆಣ್ಣು ಕೊಡುತ್ತೀರಾ’ ಎಂಬ ಪ್ರಶ್ನೆಯನ್ನು ಹತ್ತಿರದ ಹಳ್ಳಿಯಲ್ಲಿ ಕೇಳಿ ಫಲವಿಲ್ಲ, 35 ಕಿ.ಮೀ. ಆಚೆ ಕೇಳಬೇಕು. ಅದೂ ನೀರಿನ, ಬಸ್ಸಿನ ಪ್ರಶ್ನೆಗಳ ನಡುವೆ ಸೇರಿಸಿ.