ಪ್ಲಂಬಿಂಗ್ ಪೈಪಿನಲ್ಲಿ ಬೈಕಿಗೊಂದು ಪಾನಾ ಡಬ್ಬಿ

ಚರಂಡಿ ಪೈಪ್ ಕಟ್ಟಿಕೊಂಡು ತಿರುಗುತ್ತಾನೆ ಎಂದು ನಕ್ಕವರು ಈಗ ಅಳತೆ ಕೇಳುತ್ತಿದ್ದಾರೆ. ಒಂದೆರಡು ಮಳೆಗಾಲ ಕಳೆದರೂ ಡಬ್ಬಿ ಇದ್ದಲ್ಲೇ ಇದೆ, ಒಳಗಿನ ಪಾನಾಗಳ ಮೇಲೆ ತುಕ್ಕಿನ ಚುಕ್ಕೆಯೂ ಇಲ್ಲ.

ಪಿವಿಸಿ ಪೈಪಿನ ಒಂದು ತುದಿಗೆ ಅಂಟಿಸುವ ಮುಚ್ಚಳ, ಇನ್ನೊಂದಕ್ಕೆ ತಿರುಪಿನ ಮುಚ್ಚಳ ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಇಂಥ ಡಬ್ಬಿಗಳು ಕೈಕೊಡುವುದು ಪೈಪಿನಲ್ಲಿ ಅಲ್ಲ. ಒಂದೋ ಅದನ್ನು ಬೈಕಿಗೆ ಹಿಡಿದ ಪಟ್ಟಿ ಸೋಲುತ್ತದೆ, ಇಲ್ಲವೇ ಮುಚ್ಚಳ ಸೋಲುತ್ತದೆ. ನನ್ನ ದುಡ್ಡು ಹೋದದ್ದೂ ಅಲ್ಲೇ. ಪೈಪ್ ಕಟ್ಟಡದ ಕೆಲಸದಲ್ಲಿ ಉಳಿದ ತುಂಡು, ಪುಕ್ಕಟೆ. ಕ್ಲಾಂಪ್, ಮುಚ್ಚಳ, ಅಂಟು ಎಲ್ಲ ಸೇರಿ ಸಿದ್ಧ ಡಬ್ಬಿಯ ಬೆಲೆಯ ಐದನೇ ಒಂದು ಪಾಲು ತಗುಲಿರಬಹುದು. ಹಾಳು ಮಾಡಿದ ಸಾಮಾನನ್ನೂ ಲೆಕ್ಕಕ್ಕೆ ಹಿಡಿದರೆ ಅರ್ಧದ ಹತ್ತಿರ ಬರುತ್ತದೆ. ಆದರೂ ಗೆದ್ದವನು ನಾನೇ.

ಮೊದಲು 75 ಮಿ.ಮೀ. ಪೈಪ್ ನೋಡಿದೆ. ಪಾನಾಗಳು ಹಿಡಿದವು, ಬಿಡಿ ಟ್ಯೂಬಿಗೆ ಜಾಗವಿಲ್ಲ. ಕೊನೆಗೆ 110 ಮಿ.ಮೀ.ಗೆ ಬಂದೆ. ಉದ್ದವನ್ನು ತೀರ್ಮಾನಿಸುವುದು ಟೈರ್ ಲಿವರ್, ಅಂದರೆ ಟೈರನ್ನು ರಿಮ್ಮಿನಿಂದ ಮೀಟಿ ಬಿಡಿಸುವ ಸಲಾಕೆ. ನನ್ನದು ಸುಮಾರು 28 ಸೆಂ.ಮೀ., ಹಾಗಾಗಿ ಒಳಗೆ 30 ಸೆಂ.ಮೀ. ಬಿಟ್ಟೆ. ಎರಡೂವರೆ ಲೀಟರ್ ಜಾಗ ಸಿಕ್ಕಿತು. ಹೊರಗಿನ ಉದ್ದಕ್ಕೆ ತಿರುಪಿನ ಮುಚ್ಚಳದ್ದೂ ಸೇರುತ್ತದೆ. ಸಸ್ಪೆನ್ಷನ್ ಪೂರ್ತಿ ಕುಸಿದಾಗ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದ ತೋಳು) ಎಲ್ಲಿಗೆ ಬರುತ್ತದೆ ಎಂದು ನೋಡಿಯೇ ಕತ್ತರಿಸಿ.

ಇನ್ನು ಹಿಡಿತ. ಪ್ಲಾಸ್ಟಿಕ್ ಟೈಗಳು ಬಿಸಿಲಿಗೆ ಒಣಗಿ ಒಂದೊಂದಾಗಿ ತುಂಡಾದವು. ಅವು ಬೇಡ ಎಂದು ಯು-ಬೋಲ್ಟ್ ಹಾಕಿದೆ. ಬೋಲ್ಟ್ ಒತ್ತಿದ ಕಡೆ ಪೈಪ್ ಮೊದಲು ಬಿಳಿಚಿಕೊಂಡಿತು, ಆ ಬಿಳಿಗೆರೆಯೇ ಮುಂದೆ ಬಿರುಕಾಯಿತು. ಒತ್ತಡವೆಲ್ಲ ಒಂದು ಗೆರೆಯ ಮೇಲೆ ಬಿದ್ದರೆ ಪಿವಿಸಿ ತಾಳುವುದಿಲ್ಲ. ಈಗ ಇರುವುದು ಅಗಲದ ಎರಡು ಸ್ಟೀಲ್ ಹೋಸ್ ಕ್ಲಾಂಪ್, ತುದಿಗಳಿಂದ ಒಂದು ಗೇಣಿನ ಕಾಲುಭಾಗ ಒಳಗೆ. ಅವುಗಳ ಅಡಿಯಲ್ಲಿ ಹಳೆಯ ಟ್ಯೂಬಿನ ಪಟ್ಟಿ. ಕ್ಲಾಂಪ್ ಹಾದುಹೋಗುವ ಕಬ್ಬಿಣದ ತಟ್ಟೆಯನ್ನು ಅಲುಗಾಟಕ್ಕೆ ಬಿಚ್ಚದ ನೈಲಾಕ್ ನಟ್ ಹಾಕಿ ಕ್ಯಾರಿಯರಿಗೆ ಬಿಗಿದಿದ್ದೇನೆ. ಸೈಲೆನ್ಸರಿನ ಎದುರು ಬದಿಯಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಪೈಪ್ ಮೆತ್ತಗಾಗುತ್ತದೆ.

ಮುಚ್ಚಳದ್ದು ಬೇರೆಯೇ ರಗಳೆ. ಅಲುಗಾಟಕ್ಕೆ ತಿರುಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ದಾರಿಯಲ್ಲಿ ಬೇಕಾದಾಗ ತೆರೆಯುವುದೇ ಇಲ್ಲ. ಟೇಪ್ ಕಿತ್ತೆಸೆದು ಒಂದು ರಬ್ಬರ್ ಉಂಗುರ, ಸ್ವಲ್ಪ ಸಿಲಿಕೋನ್ ಗ್ರೀಸ್ ಹಾಕಿದೆ. ಜೊತೆಗೆ ಮುಚ್ಚಳ ತಿರುಗದಂತೆ ತಡೆಯುವ ಒಂದು ಸಣ್ಣ ಕೀಲು ಇದೆ. ಅದು ಎಲ್ಲಿದೆ, ಹೇಗಿದೆ ಎಂದು ಬರೆಯುವುದಿಲ್ಲ. ಕಳ್ಳರಿಗೂ ಓದು ಬರುತ್ತದೆ.

ನೀರಿನ ವಿಷಯದಲ್ಲಿ ಗೆಳೆಯರ ಸಲಹೆ ಒಂದೇ: ಎಲ್ಲ ಕಡೆಯೂ ಗಾಳಿಯಾಡದಂತೆ ಮುಚ್ಚು. ಅದನ್ನೇ ಮಾಡಬಾರದು. ಬಿಸಿಲಲ್ಲಿ ಕಾದ ಪೈಪಿನ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ತಿರುಪಿನ ಸಂದಿನಲ್ಲಿ ನಿಂತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಳಮೈಯಲ್ಲಿ 3 ಮಿ.ಮೀ. ತೂತು ಕೊರೆದ ಮೇಲೆ ಆ ಎಳೆತ ತಪ್ಪಿತು. ಒಳಗೆ ಕಟ್ಟುವ ತೇವಕ್ಕೂ ಅದೇ ದಾರಿ.

ನಡುವೆ ಇನ್ನೊಂದು ಆಟವೂ ನಡೆಯಿತು. ಉಳಿದ ಪೈಪನ್ನು ಉದ್ದಕ್ಕೆ ಸೀಳಿ, ಹಾಟ್ ಏರ್ ಗನ್ನಿನಿಂದ ಕಾಯಿಸಿ, ಎರಡು ಹಲಗೆಗಳ ನಡುವೆ ಒತ್ತಿದರೆ ಚೊಕ್ಕಟವಾದ ಹಾಳೆ ಸಿಗುತ್ತದೆ. ಅದರಿಂದ ಡಬ್ಬಿಯೊಳಗೆ ಒಂದು ಅಡ್ಡಗೋಡೆ ಮಾಡಿದೆ, ಅದರ ಹಿಂದೆ ಬಿಡಿ ಕ್ಲಚ್ ಕೇಬಲ್ ಸುತ್ತಿ ಕೂತಿದೆ. ಬೆಂಕಿಯ ಮೇಲೆ ಮಾತ್ರ ಹಿಡಿಯಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಮ್ಮುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಗನ್ ಹಿಡಿದಾಗಲೂ ಕಿಟಕಿ ತೆರೆದಿರಲಿ.

ಅಂಟು ಹಚ್ಚಿದ ಮೇಲೆ ಒಂದು ದಿನ ಸುಮ್ಮನೆ ಬಿಡಿ. ಆಮೇಲೆ ಮೇಲ್ಮೈಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಬಣ್ಣ ಬಳಿಯಿರಿ. ಅಂದಕ್ಕಲ್ಲ, ಬಿಸಿಲು ಬರಿಯ ಪೈಪನ್ನು ಪೆಡಸು ಮಾಡುತ್ತದೆ. ಪಾನಾ, ಇಕ್ಕಳ ಎಲ್ಲವನ್ನೂ ಹಳೆಯ ಜೀನ್ಸಿನ ಬಟ್ಟೆಯಲ್ಲಿ, ಒಂದೊಂದಕ್ಕೂ ಬೇರೆ ಜೇಬು ಹೊಲಿದು ಸುತ್ತಿದ್ದೇನೆ. ಭಾರದವು ಮುಂದಿನ ತುದಿಗೆ. ತುಂಬಿದಾಗ ಮೂರು ಕಿಲೋ ಇರಬಹುದು. ಮೊದಲ ಕೆಲವು ಓಡಾಟಗಳಲ್ಲಿ ರಬ್ಬರ್ ಕುಗ್ಗಿ ಕ್ಲಾಂಪ್ ಸ್ವಲ್ಪ ಸಡಿಲವಾಯಿತು, ಮತ್ತೆ ಬಿಗಿದೆ. ಅದಾದ ಮೇಲೆ ಸ್ಕ್ರೂಡ್ರೈವರ್ ಮುಟ್ಟಿಸಿಲ್ಲ.